ದುಡ್ಡು ಕೊಟ್ಟು ಪುಸ್ತಕ ಮಾಡಿಸಿದ ಮೇಲೆ: ಒಂದು ಸ್ವಯಂಪ್ರಕಟಣೆ ಸೇವೆಯ ವಿಮರ್ಶೆ

ಲೇಖಕರಿಂದಲೇ ಹಣ ಪಡೆದು ಪುಟವಿನ್ಯಾಸ, ಮುಖಪುಟ, ಮುದ್ರಣ, ಬಿಡುಗಡೆ, ಮಾರಾಟ ಎಲ್ಲವನ್ನೂ ಒಂದೇ ಕಡೆ ಮಾಡಿಕೊಡುವ ಬೆಂಗಳೂರಿನ ಒಂದು ಸಂಸ್ಥೆಯ ಮೂಲಕ ಕಳೆದ ವರ್ಷ ನನ್ನ ಮೊದಲ ಕಥಾಸಂಕಲನ ಹೊರಬಂದಿತು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂತಹ ಸೇವೆ ಒದಗಿಸುವವರು ಈಗ ಹಲವರಿದ್ದಾರೆ. ಅವರ ದರಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದನ್ನು ನೋಡಿ ಇನ್ನೊಂದನ್ನು ಬರೆದಂತೆ ಕಾಣುತ್ತವೆ. ಆದ್ದರಿಂದ ನಾನು ಇಲ್ಲಿ ಹೇಳುವುದರಲ್ಲಿ ಬಹುಪಾಲು ಈ ಬಗೆಯ ಸೇವೆಗೇ ಅನ್ವಯಿಸುತ್ತದೆ. ಮೂರು ಪ್ಯಾಕೇಜುಗಳಲ್ಲಿ ನಾನು ಆರಿಸಿಕೊಂಡದ್ದು ನಡುವಿನದು: ಡೆಮಿ 1/8 ಆಕಾರ, 128 ಪುಟ, 300 ಪ್ರತಿ, ಅವುಗಳಲ್ಲಿ 100 ನನಗೆ, ಉಳಿದವು ಮಾರಾಟಕ್ಕೆಂದು ಸಂಸ್ಥೆಯ ಬಳಿ. ತೆತ್ತ ಹಣ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ನನ್ನ ತಿಂಗಳ ಸಂಬಳಕ್ಕಿಂತ ತುಸು ಹೆಚ್ಚು.

ಇವರು ಮಾರುವುದು ಮುದ್ರಣವನ್ನು ಮಾತ್ರವಾಗಿದ್ದರೆ ವಿಮರ್ಶೆ ನಾಲ್ಕು ಸಾಲಿಗೆ ಮುಗಿಯುತ್ತಿತ್ತು. ಆದರೆ ಅವರ ಪ್ರಚಾರಪತ್ರದಲ್ಲಿ ಕಾಗದದ ವಿವರ ಬರುವುದು ಕೊನೆಯ ಪುಟದಲ್ಲಿ. ಅದಕ್ಕೂ ಮೊದಲಿನ ಪುಟಗಳಲ್ಲೆಲ್ಲ ಇರುವುದು ಮನ್ನಣೆಯ ಮಾತು. ವರ್ಷಗಟ್ಟಲೆ ಬರೆದು ಬೀರುವಿನಲ್ಲಿ ಇಟ್ಟವರು ಪುಸ್ತಕವೊಂದು ಬಂದ ದಿನದಿಂದ ಲೇಖಕರಾಗುತ್ತಾರೆ ಎಂಬುದು ಅದರ ಸಾರಾಂಶ. ಅಂದರೆ, ಬರೆಯುವವರಿಗೆ ತಮ್ಮ ಬರಹದ ಬಗ್ಗೆ ಇರುವ ಅನುಮಾನವನ್ನು ಪ್ರಕಟಣೆಯೊಂದು ಕಳೆಯುತ್ತದೆ ಎಂಬ ಭರವಸೆಗೆ ನಾವು ಬೆಲೆ ಕೊಡುತ್ತೇವೆ. ಸೇವೆಯನ್ನು ಆ ಭರವಸೆಯ ಅಳತೆಯಲ್ಲೇ ನೋಡುವುದು ನ್ಯಾಯ.

ಮೊದಲು ಮೆಚ್ಚಬೇಕಾದದ್ದನ್ನು ಹೇಳಿಬಿಡುತ್ತೇನೆ. ಅಚ್ಚು ಅಚ್ಚುಕಟ್ಟಾಗಿದೆ. ಒಳಪುಟಕ್ಕೆ ಬಳಸಿದ 70 ಜಿ.ಎಸ್.ಎಂ. ಮ್ಯಾಪ್‌ಲಿಥೋ ಕಾಗದದಲ್ಲಿ ಹಿಂಬದಿಯ ಅಕ್ಷರ ಈಚೆಗೆ ಕಾಣುವುದಿಲ್ಲ, ಶಾಯಿ ಎಲ್ಲ ಪುಟಗಳಲ್ಲೂ ಒಂದೇ ಸಮನಾಗಿದೆ, ಬೈಂಡಿಂಗ್ ಬಿಗಿಯಾಗಿದ್ದು ಪುಸ್ತಕವನ್ನು ಪೂರ್ತಿ ಬಿಡಿಸಿ ಹಿಡಿದರೂ ಹಾಳೆ ಕಳಚಿಕೊಳ್ಳುವುದಿಲ್ಲ. ಮುಖಪುಟಕ್ಕೆ ಅವರು ಮೊದಲು ಕಳಿಸಿದ್ದು ಹೊಲ, ಎತ್ತು, ಮುಳುಗುವ ಸೂರ್ಯ ಇದ್ದ ಚಿತ್ರ. ನನ್ನ ಕತೆಗಳು ನಡೆಯುವುದು ಶಿವಮೊಗ್ಗದ ಬ್ಯಾಂಕು ಮತ್ತು ಬಸ್ ನಿಲ್ದಾಣಗಳಲ್ಲಿ ಎಂದು ತಿಳಿಸಿದ ಮೇಲೆ ಗೊಣಗದೆ ಬದಲಿಸಿದರು. ಆಫ್‌ಸೆಟ್ ಮುದ್ರಣದಲ್ಲಿ 16 ಪುಟಗಳಿಗೆ ಒಂದು ಫಾರಂ ಎಂಬ ಲೆಕ್ಕವಿರುವುದರಿಂದ 121 ಪುಟಕ್ಕೆ ಮುಗಿದ ನನ್ನ ಪುಸ್ತಕ ಎಂಟು ಫಾರಂ ತುಂಬಲು 128 ಆಯಿತು. ಉಳಿದ ಏಳು ಪುಟಗಳಲ್ಲಿ ನನ್ನನ್ನು ಕೇಳದೆಯೇ ಅವರ ಇತರ ಪ್ರಕಟಣೆಗಳ ಜಾಹೀರಾತು ಬಂದಿತು. ಖಾಲಿ ಬಿಟ್ಟಿದ್ದರೆ ಚೆನ್ನಾಗಿತ್ತು. ದೊಡ್ಡ ದೂರೇನಲ್ಲ.

ಅಕ್ಷರದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕಿತ್ತು. ನಾನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿ ಕಳಿಸಿದ್ದನ್ನು ಪುಟವಿನ್ಯಾಸಕ್ಕಾಗಿ ಹಳೆಯ ಫಾಂಟಿಗೆ ಪರಿವರ್ತಿಸಿ, ಇ-ಪುಸ್ತಕಕ್ಕಾಗಿ ಮತ್ತೆ ಯೂನಿಕೋಡಿಗೆ ತಂದರು. ಈ ಹೋಗಿಬರುವ ದಾರಿಯಲ್ಲಿ ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗಿ, ಅರ್ಕಾವತ್ತುಗಳು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಜರುಗಿ ಕೂತವು. ಕನ್ನಡದಲ್ಲಿ ಪುಸ್ತಕ ಮಾಡುವ ಯಾರಿಗೂ ಇದು ಹೊಸ ಸಮಸ್ಯೆಯಲ್ಲ. ಪರಿವರ್ತನೆಯ ನಂತರ ಒಬ್ಬರು ಕೂತು ಸಾಲು ಸಾಲಾಗಿ ಓದಿದರೆ ತೀರುವಂಥದ್ದು. ಇಲ್ಲಿ ಆ ಓದು ಪ್ಯಾಕೇಜಿನ ಮೇಲಿನ ದರ್ಜೆಯಲ್ಲಿ ಮಾತ್ರ ಇದೆ.

ದರಪಟ್ಟಿಯಲ್ಲಿ ನನಗೆ ನಿಜಕ್ಕೂ ಬೇಸರ ತಂದದ್ದು ಮನ್ನಣೆಯ ಮುದ್ರೆಗಳ ಮಾರಾಟ. ಪುಸ್ತಕಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತುಸಂಖ್ಯೆಯಾದ ಐ.ಎಸ್.ಬಿ.ಎನ್. ಪಡೆದುಕೊಡಲು ಪ್ರತ್ಯೇಕ ಶುಲ್ಕವಿದೆ. ಭಾರತದಲ್ಲಿ ಈ ಸಂಖ್ಯೆಯನ್ನು ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದಲ್ಲಿರುವ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ. ಅದು ಉಚಿತ, ಲೇಖಕರು ತಾವೇ ಅರ್ಜಿ ಹಾಕಿಯೂ ಪಡೆಯಬಹುದು. ಆ 13 ಅಂಕಿಗಳು ಪುಸ್ತಕದ ಗುರುತನ್ನು ಹೇಳುತ್ತವೆಯೇ ಹೊರತು ಗುಣವನ್ನು ಹೇಳುವುದಿಲ್ಲ. ಆದರೂ ನಮ್ಮಲ್ಲಿ ಅದಕ್ಕೊಂದು ಪ್ರಭಾವಳಿ ಅಂಟಿಕೊಂಡಿದೆ. ಕಾಲೇಜು ಅಧ್ಯಾಪಕರ ಬಡ್ತಿಗೆ ಅಂಕ ಎಣಿಸುವ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯು.ಜಿ.ಸಿ.) 2010ರ ನಿಯಮಗಳು ಪುಸ್ತಕಕ್ಕೆ ಆ ಸಂಖ್ಯೆ ಇದೆಯೇ ಎಂದು ಕೇಳಲು ತೊಡಗಿದ ಮೇಲೆ ಈ ಪ್ರಭಾವಳಿ ಹೆಚ್ಚಿತೆಂದು ನನ್ನ ಊಹೆ. ಹಕ್ಕುಸ್ವಾಮ್ಯ ನೋಂದಣಿಯದೂ ಇದೇ ಕತೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಗಳಿಗೆಯಲ್ಲೇ ಹಕ್ಕು ಲೇಖಕರದಾಗುತ್ತದೆ, ಅವರ ಕಾಲಾನಂತರವೂ 60 ವರ್ಷ ಉಳಿಯುತ್ತದೆ, ನೋಂದಣಿ ಕಡ್ಡಾಯವಲ್ಲ. ಇದನ್ನು ಸಂಸ್ಥೆಯ ಸಂಯೋಜಕರಿಗೆ ಹೇಳಿದಾಗ ಅವರು ಅಲ್ಲಗಳೆಯಲಿಲ್ಲ. “ಗೊತ್ತು ಮೇಡಂ, ಆದ್ರೆ ಸರ್ಟಿಫಿಕೇಟ್ ಇದ್ರೆ ಒಂದು ಸಮಾಧಾನ ಅಲ್ವಾ?” ಎಂದರು. ಅವರ ಇಡೀ ವ್ಯಾಪಾರ ನಿಂತಿರುವುದು ಈ ವಾಕ್ಯದ ಮೇಲೆ ಎಂದು ನನಗೆ ಆಮೇಲೆ ಅನ್ನಿಸಿತು.

ಮುನ್ನುಡಿಯೂ ಪ್ಯಾಕೇಜಿನಲ್ಲೇ ಬರುತ್ತದೆ. ಸಂಸ್ಥೆಯ ಪಟ್ಟಿಯಲ್ಲಿದ್ದ ಹಿರಿಯರೊಬ್ಬರು ನನಗೆ ಬರೆದುಕೊಟ್ಟ ಎರಡು ಪುಟಗಳಲ್ಲಿ ನನ್ನ ಒಂದು ಕತೆಯ ಹೆಸರಿಲ್ಲ, ಒಂದು ಪಾತ್ರದ ಪ್ರಸ್ತಾಪವಿಲ್ಲ. ನನ್ನ ಬರವಣಿಗೆಯಲ್ಲಿ ಗ್ರಾಮೀಣ ಬದುಕಿನ ಸೊಗಡು ಹಾಸುಹೊಕ್ಕಾಗಿದೆ ಎಂಬ ಮಾತು ಮಾತ್ರ ಎರಡು ಸಲ ಇದೆ. ಎತ್ತಿನ ಚಿತ್ರದ ಮುಖಪುಟ ಬದಲಾದದ್ದು ಪಾಪ ಅವರಿಗೆ ತಿಳಿದಿರಲಿಕ್ಕಿಲ್ಲ. ಅದೇ ಹಿರಿಯರು ಅದೇ ತಿಂಗಳು ಹೊರಬಂದ ಮತ್ತೊಬ್ಬರ ಕವನ ಸಂಕಲನಕ್ಕೆ ಬರೆದದ್ದನ್ನು ಓದಿದೆ. ‘ಕತೆ’ ಇದ್ದಲ್ಲಿ ‘ಕವಿತೆ’ ಎಂದು ಮಾಡಿದರೆ ಹೆಚ್ಚೇನೂ ವ್ಯತ್ಯಾಸವಿಲ್ಲ. ನನ್ನ ಪುಸ್ತಕದ ಬಗ್ಗೆ ಅಚ್ಚಾದ ಮೊದಲ ಮೆಚ್ಚುಗೆ ಅದು, ಅದನ್ನು ಬರೆದವರು ಪುಸ್ತಕವನ್ನು ಓದಿರಲಿಲ್ಲ.

ಇಡೀ ಸೇವೆಯಲ್ಲಿ ಒಬ್ಬರು ಮಾತ್ರ ನನ್ನ ಕತೆಗಳನ್ನು ಓದಿದರು, ಮತ್ತು ಅವರು ಹಾಗೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಅಕ್ಷರ ಪರಿವರ್ತನೆಗೆ ಮೊದಲು ಕರಡು ತಿದ್ದಲು ಸಂಸ್ಥೆಯವರು ಪುಟಗಳನ್ನು ಹೊರಗಿನವರೊಬ್ಬರಿಗೆ ಕೊಡುತ್ತಾರೆ. ಹಿಂದೆ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರಂತೆ. ಅವರು ಪುಟಗಳನ್ನು ಕಾಗದಕ್ಕಿಳಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಫೋಟೋ ತೆಗೆದು ಕಳಿಸುತ್ತಿದ್ದರು. ಒಂದು ಕತೆಯಲ್ಲಿ ಅಜ್ಜಿಯೊಬ್ಬಳು ಖಾತೆಯಲ್ಲಿ ಯಾವ ಜಮಾ ಖರ್ಚೂ ಇಲ್ಲದಿದ್ದರೂ ಪ್ರತಿ ತಿಂಗಳು ಪಾಸ್‌ಬುಕ್ ಎಂಟ್ರಿ ಮಾಡಿಸಲು ಬ್ಯಾಂಕಿಗೆ ಬರುತ್ತಾಳೆ. ಕೊನೆಯಲ್ಲಿ ಕ್ಯಾಷಿಯರ್ ಆ ಪಾಸ್‌ಬುಕ್ಕನ್ನು ಯಂತ್ರಕ್ಕೆ ಕೊಟ್ಟು, ಏನೂ ಅಚ್ಚಾಗದ ಪುಟವನ್ನೇ ಹೊರತೆಗೆದು, ಎಂದಿನಂತೆ ಮಡಿಸಿ ಅವಳ ಕೈಗೆ ಕೊಡುತ್ತಾನೆ. ಅದರ ಕೆಳಗೆ, ಅವಳ ಮಗ ದುಬೈಯಿಂದ ಹಣ ಕಳಿಸುವುದನ್ನು ಎಂದು ನಿಲ್ಲಿಸಿದ, ಅವಳು ಯಾಕೆ ಬರುತ್ತಾಳೆ ಎಂಬುದನ್ನು ತಿಳಿಸುವ ಆರು ಸಾಲಿನ ಪ್ಯಾರಾ ಇತ್ತು. ಅಂಚಿನಲ್ಲಿ ಪೆನ್ಸಿಲ್ಲಿನ ಅಕ್ಷರ: “ಕತೆ ಮೇಲಿನ ಸಾಲಿಗೇ ಮುಗಿದಿದೆ. ಇದು ಬೇಕೆ?”

ಈ ಕತೆ ಅದಕ್ಕೂ ಮುಂಚೆ ವಾರಪತ್ರಿಕೆಯೊಂದರಲ್ಲಿ ಆ ಪ್ಯಾರಾದ ಸಮೇತ ಅಚ್ಚಾಗಿತ್ತು. ಸಂಭಾವನೆಯೂ ಬಂದಿತ್ತು, ಮೆಚ್ಚಿ ಫೋನು ಮಾಡಿದವರೂ ಇದ್ದರು. ಪೆನ್ಸಿಲ್ಲಿನ ಆ ಎರಡು ವಾಕ್ಯ ಓದಿದಾಗ ಆದ ಖುಷಿ ಪತ್ರಿಕೆಯಲ್ಲಿ ಹೆಸರು ನೋಡಿದಾಗ ಆಗಿರಲಿಲ್ಲ. ಪ್ಯಾರಾ ತೆಗೆದೆ. ಇನ್ನೊಂದು ಕತೆಯಲ್ಲಿ ನಿರೂಪಣೆ ಯಾಕೆ ಎರಡು ಬಾರಿ ಹಿಂದಕ್ಕೆ ಹೋಗುತ್ತದೆ, ನೇರವಾಗಿ ಹೇಳಬಾರದೇ ಎಂದು ಅವರು ಕೇಳಿದ್ದರು; ಅದನ್ನು ನಾನು ಒಪ್ಪಲಿಲ್ಲ, ಒಪ್ಪದಿರುವುದಕ್ಕೆ ಕಾರಣವನ್ನು ಬರೆದು ಕಳಿಸುವಾಗ ಆ ಕತೆ ಹಾಗೇ ಇರಬೇಕೆಂಬುದು ನನಗೇ ಮೊದಲ ಬಾರಿ ಸ್ಪಷ್ಟವಾಯಿತು. ಸಂಯೋಜಕರಿಗೆ ಈ ಪತ್ರವ್ಯವಹಾರ ತಿಳಿದಾಗ ಅವರು ಸಂಕೋಚದಿಂದ ಫೋನು ಮಾಡಿದರು: “ಅವರಿಗೆ ಕಾಗುಣಿತ ನೋಡಿ ಅಂತ ಮಾತ್ರ ಕೊಟ್ಟಿರೋದು ಮೇಡಂ. ಇದನ್ನೆಲ್ಲ ತಲೆಗೆ ಹಚ್ಕೋಬೇಡಿ, ನಿಮ್ಮ ಕತೆಗಳು ಚೆನ್ನಾಗೇ ಇವೆ.” ಯಾವ ಕತೆ ಚೆನ್ನಾಗಿದೆ ಎಂದು ನಾನು ಕೇಳಲಿಲ್ಲ, ಕೇಳಿದ್ದರೆ ಇಬ್ಬರಿಗೂ ಮುಜುಗರವಾಗುತ್ತಿತ್ತು.

ಬಿಡುಗಡೆ ಸಮಾರಂಭವನ್ನು ಸಂಸ್ಥೆ ಚೆನ್ನಾಗಿಯೇ ನಡೆಸಿತು. ಒಂದೇ ವೇದಿಕೆಯಲ್ಲಿ ಹಲವು ಪುಸ್ತಕಗಳು, ಬಣ್ಣದ ಕಾಗದದ ಕಟ್ಟುಗಳು, ಅವುಗಳನ್ನು ಬಿಚ್ಚಿ ಎದೆಯೆತ್ತರಕ್ಕೆ ಹಿಡಿದು ಕ್ಯಾಮೆರಾ ಕಡೆಗೆ ತಿರುಗಿದ ಅತಿಥಿಗಳು, ಶಾಲು, ಹಣ್ಣಿನ ಬುಟ್ಟಿ, ನಂತರ ಉಪ್ಪಿಟ್ಟು ಕೇಸರಿಬಾತು. ನಗುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಊರಿಂದ ಬಸ್ಸು ಹಿಡಿದು ಬಂದಿದ್ದ ನನ್ನ ತಾಯಿ ಮುಂದಿನ ಸಾಲಿನಲ್ಲಿ ಕೂತು ಪ್ರತಿ ಭಾಷಣಕ್ಕೂ ಚಪ್ಪಾಳೆ ತಟ್ಟಿದರು, ಪಕ್ಕದವರಿಗೆ ನನ್ನನ್ನು ತೋರಿಸಿದರು. ಸೋಮವಾರ ಬ್ಯಾಂಕಿನಲ್ಲಿ “ಏನ್ರೀ ಮೇಡಂ, ಸಾಹಿತಿ ಆಗ್ಬಿಟ್ರಿ, ನಮಗೊಂದು ಕಾಪಿ ಇಲ್ವಾ?” ಎಂದವರು ಅದುವರೆಗೆ ನಾನು ಬರೆಯುತ್ತೇನೆಂಬುದನ್ನು ಒಂದು ಚಟದಂತೆ ಸಹಿಸಿಕೊಂಡಿದ್ದವರು. ತಾಲ್ಲೂಕು ಸಾಹಿತ್ಯ ಸಮ್ಮೇಳನದ ಕವಿಗೋಷ್ಠಿಗೆ ಕರೆ ಬಂತು (ನಾನು ಕವಿತೆ ಬರೆಯುವುದಿಲ್ಲ). ಪ್ರಶಸ್ತಿಗಳ ಅರ್ಜಿಯಲ್ಲಿ, ಪರಿಚಯಪತ್ರದಲ್ಲಿ ‘ಪ್ರಕಟಿತ ಕೃತಿಗಳು’ ಎಂಬ ಕಾಲಂ ಇರುತ್ತದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನಕ್ಕೆ ಪುಸ್ತಕದ ಪ್ರತಿಗಳನ್ನೇ ಕಳಿಸಬೇಕು. ಆ ಕಾಲಂ ಖಾಲಿ ಇದ್ದವರು ಎಷ್ಟೇ ಬರೆದಿದ್ದರೂ ನಮ್ಮ ಸಾಹಿತ್ಯ ವ್ಯವಸ್ಥೆಯ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಪ್ರಕಟಣೆ ಏನೂ ಕೊಡುವುದಿಲ್ಲ, ಬರೆಯುವುದೇ ಸುಖ ಎಂಬ ಮಾತನ್ನು ನಾನು ನಂಬುವುದಿಲ್ಲ; ಅದನ್ನು ಹೇಳುವವರು ಸಾಮಾನ್ಯವಾಗಿ ಹತ್ತಾರು ಪುಸ್ತಕ ಬರೆದು ಪ್ರಕಟಿಸಿದವರೇ ಆಗಿರುತ್ತಾರೆ. ಸಮಾಜದ ಕಣ್ಣಿನ ಮನ್ನಣೆಯನ್ನು ಈ ಸೇವೆ ಹೇಳಿದ ದಿನಕ್ಕೆ, ಹೇಳಿದ ದರಕ್ಕೆ ತಂದುಕೊಟ್ಟಿತು.

ಅದು ಕೊಡಲಾರದ್ದು ಇನ್ನೊಂದು. ಈ ಸಂಸ್ಥೆ ಯಾರ ಹಸ್ತಪ್ರತಿಯನ್ನೂ ಬೇಡ ಎನ್ನುವುದಿಲ್ಲ. ಹಣ ಸಂದಾಯವಾದ ಮೇಲೆ ಎಲ್ಲವೂ ಸ್ವೀಕೃತವೇ. ಬೇಡ ಎನ್ನುವ ಸಾಧ್ಯತೆಯೇ ಇಲ್ಲದ ಕಡೆಯಿಂದ ಬಂದ ಒಪ್ಪಿಗೆಯಿಂದ, ರಾತ್ರಿ ಕತೆಯ ಮುಂದೆ ಕೂತಾಗ ಏಳುವ ಅನುಮಾನ ಕಡಿಮೆಯಾಗುವುದಿಲ್ಲ. ಪುಸ್ತಕ ಕೈಗೆ ಬಂದ ವಾರ ನಾನು ಹೊಸ ಕತೆಯೊಂದರ ನಡುವಿನಲ್ಲಿದ್ದೆ. ಅದರ ಮುಂದಿನ ವಾಕ್ಯವನ್ನು ಬರೆಯಲು ಮೇಜಿನ ಮೇಲಿದ್ದ ನೂರು ಪ್ರತಿಗಳಿಂದ ಯಾವ ಸಹಾಯವೂ ಆಗಲಿಲ್ಲ.

ಬೇಡ ಎನ್ನಬಲ್ಲವರ ಒಪ್ಪಿಗೆಯನ್ನೇ ಕೇಳಿದ್ದಕ್ಕೆ ಕನ್ನಡದಲ್ಲೇ ಒಂದು ಸೊಗಸಾದ ನಿದರ್ಶನವಿದೆ. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ, ಈಗ ಮುದ್ದಣನೆಂದೇ ಹೆಸರಾದ ನಂದಳಿಕೆ ಲಕ್ಷ್ಮೀನಾರಣಪ್ಪನವರು ತಾವೇ ಬರೆದ ಕಾವ್ಯಗಳನ್ನು ತಮ್ಮವೆಂದು ಹೇಳದೆ, ದೊರೆತ ಹಳೆಯ ಕೃತಿಗಳೆಂಬಂತೆ ಮೈಸೂರಿನ ಕಾವ್ಯಪತ್ರಿಕೆಗಳಿಗೆ ಕಳಿಸಿದರು. ಪಂಡಿತರು ಮೆಚ್ಚಿ ಅಚ್ಚು ಹಾಕಿದರು. ಮುದ್ದಣ ಎಂಬ ಕವಿ ತಮ್ಮ ಕಾಲದವನೇ ಎಂಬುದು ಓದುಗರಿಗೆ ಸ್ಪಷ್ಟವಾಗುವ ಹೊತ್ತಿಗೆ ಅವರಿರಲಿಲ್ಲ. 1901ರಲ್ಲಿ, ಮೂವತ್ತೊಂದರ ಆಸುಪಾಸಿನಲ್ಲಿ, ಕ್ಷಯದಿಂದ ತೀರಿಕೊಂಡಿದ್ದರು. ಇದನ್ನು ಸಂಕೋಚವೆಂದು, ಹೊಸಬರ ಬಗ್ಗೆ ವಿದ್ವಾಂಸರಿಗಿದ್ದ ತಾತ್ಸಾರಕ್ಕೆ ಅಂಜಿದ್ದೆಂದು ವಿವರಿಸುವುದುಂಟು. ನನಗೆ ಅದರಲ್ಲಿ ಒಂದು ಪರೀಕ್ಷೆಯೂ ಕಾಣುತ್ತದೆ. ಬರೆದವನ ಹೆಸರು, ಊರು, ಹುದ್ದೆ ಯಾವುದರ ಹಂಗೂ ಇಲ್ಲದೆ, ತಿರಸ್ಕರಿಸಬಲ್ಲವರ ಎದುರಿಗೆ ಬರಹವನ್ನು ಇಟ್ಟು ನೋಡಿದ್ದು. ಹೆಸರು ಬೇಕೆಂದು ಅಚ್ಚಿಗೆ ಹೋಗುವ ನಮಗೆ, ಹೆಸರನ್ನೇ ಬಿಟ್ಟುಕೊಟ್ಟು ಒಪ್ಪಿಗೆಯನ್ನು ಮಾತ್ರ ಕೇಳಿದ ಆ ಮನುಷ್ಯ ಸುಲಭವಾಗಿ ಅರ್ಥವಾಗುವುದಿಲ್ಲ.

ಹಾಗೆಂದು ಸ್ವಂತ ಹಣದಲ್ಲಿ ಪುಸ್ತಕ ತರುವುದೇ ಕೀಳು ಎಂದು ತೀರ್ಮಾನಿಸಿದರೆ ಕನ್ನಡ ಕಾದಂಬರಿಯ ಆರಂಭವನ್ನೇ ತಳ್ಳಿಹಾಕಬೇಕಾಗುತ್ತದೆ. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ಅಲೆದು ಮಾರಿದವರು. ಅವರೂ ಪುಸ್ತಕಕ್ಕೆ ಕೈಯಿಂದಲೇ ಖರ್ಚು ಮಾಡಿದವರು. ಆದರೆ ಪ್ರತಿ ಮನೆಯ ಬಾಗಿಲಲ್ಲೂ ಬೇಡ ಎನ್ನಬಲ್ಲ ಒಬ್ಬ ಓದುಗ ಇದ್ದ. ಕೊಂಡವನು ಓದಲೆಂದೇ ಕೊಂಡ. ನನ್ನ ಪ್ಯಾಕೇಜಿನಲ್ಲಿ ಸಂಪಾದಕ, ಅಂಗಡಿಯವನು, ಓದುಗ ಎಂಬ ಈ ಮೂರು ಬಾಗಿಲುಗಳನ್ನೂ ಮುಂಗಡ ಹಣದಿಂದ ತೆರೆದಿಡಲಾಗಿದೆ. ಒಳಗೆ ಹೋದರೆ ಯಾರೂ ಇಲ್ಲ.

ಮಾರಾಟದ ಲೆಕ್ಕ ಇದನ್ನೇ ಹೇಳುತ್ತದೆ. ‘ಲಾಭದಲ್ಲಿ ನೂರಕ್ಕೆ ನೂರು ಲೇಖಕರಿಗೆ’ ಎಂಬುದು ಒಪ್ಪಂದದ ಆಕರ್ಷಕ ಸಾಲು. ಬೆಲೆ ರೂ. 160, ಅದರಲ್ಲಿ ಮಳಿಗೆಯ ಕಮಿಷನ್ ರೂ. 64, ಪ್ಯಾಕಿಂಗ್, ಅಂಚೆ, ‘ನಿರ್ವಹಣೆ’ ಸೇರಿ ರೂ. 60, ಉಳಿದ ರೂ. 36ರಲ್ಲಿ ನೂರಕ್ಕೆ ನೂರು ನನ್ನದು. ಮೊದಲ ಆರು ತಿಂಗಳ ಪಟ್ಟಿಯಲ್ಲಿದ್ದ ಮಾರಾಟದ ಬಹುಪಾಲು ನನ್ನ ಸಂಬಂಧಿಕರದು ಮತ್ತು ಸಹೋದ್ಯೋಗಿಗಳದು ಎಂದು ವಿಳಾಸಗಳಿಂದಲೇ ಗುರುತಿಸಬಹುದಿತ್ತು. ಮಾರಾಟವಾಗದೆ ಉಳಿದವು ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಹೋಗಬಹುದು ಎಂದು ಸಂಯೋಜಕರು ಈಗಲೂ ಹೇಳುತ್ತಾರೆ. ಪುಟದ ಲೆಕ್ಕದಲ್ಲಿ ಬೆಲೆ ಕಟ್ಟುವ ಆ ಖರೀದಿಯನ್ನು ನೆಚ್ಚಿಯೇ ಕನ್ನಡದಲ್ಲಿ ಎಷ್ಟೋ ಪುಸ್ತಕಗಳು ಬರುತ್ತವೆ ಎಂಬುದು ಪ್ರಕಾಶಕರೇ ಒಪ್ಪುವ ಮಾತು; ಆಯ್ಕೆಯಾದರೂ ಹಣ ಕೈಸೇರಲು ಕಾಯಬೇಕಾಗುತ್ತದೆ ಎಂಬುದು ಅವರದೇ ಹಳೆಯ ಅಳಲು.

ಹಾಗಾದರೆ ಈ ಸೇವೆಯನ್ನು ಯಾರು ಪಡೆಯಬಹುದು? ನಿವೃತ್ತರಾದವರು ತಮ್ಮ ನೆನಪುಗಳನ್ನು ಬರೆದಿಟ್ಟಿದ್ದರೆ, ಮನೆತನದ ಇತಿಹಾಸವನ್ನೋ ಅಜ್ಜಿ ಹಾಡುತ್ತಿದ್ದ ಹಾಡುಗಳನ್ನೋ ಸಂಗ್ರಹಿಸಿದ್ದರೆ, ನಿಸ್ಸಂಕೋಚವಾಗಿ ಪಡೆಯಬಹುದು. ಅಂತಹ ಪುಸ್ತಕದ ಓದುಗರು ಯಾರೆಂದು ಬರೆದವರಿಗೆ ಮೊದಲೇ ಗೊತ್ತಿರುತ್ತದೆ. ಬೇಕಾದದ್ದು ಒಳ್ಳೆಯ ಅಚ್ಚು, ಗಟ್ಟಿ ಬೈಂಡು. ಎರಡೂ ಇಲ್ಲಿ ಸಿಗುತ್ತವೆ. ಕತೆ, ಕವಿತೆ ಬರೆಯುವ ಹೊಸಬರಿಗೆ ಮಾತ್ರ ನನ್ನ ಸಲಹೆ ಬೇರೆ. ವಾರಪತ್ರಿಕೆ, ಮಾಸಪತ್ರಿಕೆ, ಪುರವಣಿಗಳು ಇನ್ನೂ ಇವೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂತಹವು ಇವೆ. ಹೊಸ ಕತೆಗಾರರ ಹಸ್ತಪ್ರತಿಗಳನ್ನು ಸ್ಪರ್ಧೆಗೆ ಕರೆದು ಆಯ್ದದ್ದನ್ನು ತಾನೇ ಪ್ರಕಟಿಸುವ ಛಂದ ಪುಸ್ತಕದಂತಹ ಪ್ರಕಾಶನಗಳಿವೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ, ನನ್ನಂತೆ ವಯಸ್ಸು ಮೀರಿದವರಿಗೆ ಅದು ಸಿಗದು ಅಷ್ಟೆ. ಇವೆಲ್ಲ ನಿಧಾನದ ದಾರಿಗಳು, ಬಹಳಷ್ಟು ಸಲ ಉತ್ತರವೇ ಬರುವುದಿಲ್ಲ, ಬಂದರೂ ವಿಷಾದಪತ್ರವೇ ಹೆಚ್ಚು. ಸಂಪಾದಕರ ಮೌನವೂ ತೀರ್ಪಲ್ಲ. ರಾಶಿಯ ತಳದಲ್ಲಿ ಸಿಕ್ಕಿಕೊಂಡ ಒಳ್ಳೆಯ ಕತೆಗಳು ಎಷ್ಟೋ ಇರಬಹುದು. ಅಷ್ಟಾದರೂ, ಕೈಯಲ್ಲಿ ಇಷ್ಟು ಹಣವಿದ್ದರೆ ಅದರಲ್ಲಿ ಸ್ವಲ್ಪ ಭಾಗವನ್ನು ಒಳ್ಳೆಯ ಕರಡು ತಿದ್ದುವವರೊಬ್ಬರಿಗೆ ನೇರವಾಗಿ ಕೊಟ್ಟು, ಕಾಗುಣಿತದ ಜೊತೆಗೆ ಅನ್ನಿಸಿದ್ದನ್ನೆಲ್ಲ ಅಂಚಿನಲ್ಲಿ ಬರೆಯಿರಿ ಎಂದು ಕೇಳಿಕೊಳ್ಳುವುದು ಲೇಸು. ನನ್ನ ಎರಡನೆಯ ಸಂಕಲನದ ಹಸ್ತಪ್ರತಿ ಈಗ ಪೆನ್ಸಿಲಿನಲ್ಲಿ ಗುರುತು ಹಾಕಿ ಕರಡು ತಿದ್ದಿದವರ ಬಳಿಯೇ ಇದೆ. ಮೊದಲ ಕತೆಯ ಪಕ್ಕದಲ್ಲಿ ಈಗಾಗಲೇ ಮೂರು ಪ್ರಶ್ನಾರ್ಥಕ ಚಿಹ್ನೆಗಳು ಬಂದಿವೆ.

ಇಷ್ಟೆಲ್ಲ ತಿಳಿದೂ ಈ ಸೇವೆಯನ್ನು ಪಡೆಯುವುದಾದರೆ ಹಣ ಕಟ್ಟುವ ಮೊದಲು ಕೆಲವನ್ನು ಬರಹದಲ್ಲಿ ಪಡೆದುಕೊಳ್ಳಬೇಕು. ಐ.ಎಸ್.ಬಿ.ಎನ್. ಯಾರ ಹೆಸರಿನಲ್ಲಿರುತ್ತದೆ, ಮಾರಾಟವಾಗದ ಪ್ರತಿಗಳನ್ನು ಎಷ್ಟು ಕಾಲದ ನಂತರ ಯಾರ ಖರ್ಚಿನಲ್ಲಿ ಹಿಂತಿರುಗಿಸುತ್ತಾರೆ, ಅನುವಾದ ಮತ್ತು ಧ್ವನಿಪುಸ್ತಕದ ಹಕ್ಕು ನಿಮ್ಮಲ್ಲೇ ಉಳಿಯುತ್ತದೆಯೇ, ಕೊನೆಯ ಪುಟಗಳಲ್ಲಿ ಏನು ಬರುತ್ತದೆ ಎಂಬುದನ್ನು ಕೇಳಿ. ಮುನ್ನುಡಿ ಬೇಡವೆಂದರೆ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತಾರೆ. ಪ್ರಚಾರಪತ್ರದಲ್ಲಿ ಅದು ಇಲ್ಲ, ಕೇಳಿದವರಿಗೆ ಮಾತ್ರ. ಮುದ್ರಣಕ್ಕೆ ಹೋದ ಅಂತಿಮ ಪಿ.ಡಿ.ಎಫ್. ಕಡತ ನಿಮಗೆ ಸೇರಬೇಕೆಂಬುದನ್ನು ಒಪ್ಪಂದದಲ್ಲೇ ಬರೆಸಿ. ನಾನು ಬರೆಸಿರಲಿಲ್ಲವಾದ್ದರಿಂದ ಅದಕ್ಕೂ ಬೇರೆ ಶುಲ್ಕ ಕಟ್ಟಬೇಕಾಗಿ ಬಂದಿದೆ, ರಸೀದಿ ಇನ್ನೂ ಬಂದಿಲ್ಲ.